ಆನ್‌ಲೈನ್‌ನಲ್ಲಿ ಇನ್ನೂ ಕಡಿಮೆಗೆ ಸಿಗುತ್ತಲ್ಲ ಮೇಡಂ?

"ಮೇಡಂ, ಇದೇ ಪುಸ್ತಕ ಆನ್‌ಲೈನ್‌ನಲ್ಲಿ ಇನ್ನೂ ಕಡಿಮೆಗೆ ಸಿಗುತ್ತಲ್ಲ, ನೀವ್ಯಾಕೆ ಕೊಡಲ್ಲ?"

ಶಿವಮೊಗ್ಗದ ದುರ್ಗಿಗುಡಿ ಕಡೆ ಪುಸ್ತಕದಂಗಡಿ ನಡೆಸುವ ನನಗೆ ಈ ಪ್ರಶ್ನೆ ಅಂಗಡಿಯಲ್ಲಿ ಮಾತ್ರ ಎದುರಾಗುವುದಿಲ್ಲ. ಮದುವೆಮನೆ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಕೇಳುತ್ತಾರೆ. ಕರ್ನಾಟಕ ಸಂಘದಲ್ಲಿ ಕಾರ್ಯಕ್ರಮ ಮುಗಿಸಿ ಮೆಟ್ಟಿಲಿಳಿಯುವಷ್ಟರಲ್ಲಿ ಕೇಳುತ್ತಾರೆ. ಹಲ್ಲಿನ ಡಾಕ್ಟರು ನನ್ನ ಬಾಯಿ ತೆರೆಸಿ ಇಟ್ಟುಕೊಂಡೇ ಕೇಳಿದ್ದಾರೆ, ಉತ್ತರ ಹೇಳುವ ಹಾಗೂ ಇರಲಿಲ್ಲ. ಹೇಳಿ ಹೇಳಿ ಸಾಕಾಗಿದೆ. ಬರೆದಿಡುತ್ತಿದ್ದೇನೆ, ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಉತ್ತರ: ಕೊಡಲು ಆಗುವುದಿಲ್ಲ. ಆಗುವಷ್ಟನ್ನು ಈಗಾಗಲೇ ಕೊಡುತ್ತಿದ್ದೇನೆ.

200 ರೂಪಾಯಿ ಮುಖಬೆಲೆಯ ಒಂದು ಕನ್ನಡ ಕಾದಂಬರಿ ಇದೆ ಎನ್ನಿ. ಪ್ರಕಾಶಕರು ನನಗೆ ನೂರಕ್ಕೆ 30 ಬಿಟ್ಟು ಕೊಟ್ಟರೆ 140ಕ್ಕೆ ಬಂತು. ಬೆಂಗಳೂರಿನಿಂದ ಬಂಡಲು ತರಿಸಿದ ಸಾಗಣೆ ಖರ್ಚು ಬೇರೆ. ಗಿರಾಕಿಗೆ ನೂರಕ್ಕೆ 10 ಬಿಟ್ಟು 180ಕ್ಕೆ ಮಾರುತ್ತೇನೆ. ಉಳಿದ 40 ರೂಪಾಯಿಯಲ್ಲಿ ಅಂಗಡಿ ಬಾಡಿಗೆ, ಕರೆಂಟ್ ಬಿಲ್ಲು, ಕೆಲಸಕ್ಕಿರುವ ಹುಡುಗಿಯ ಸಂಬಳ ಎಲ್ಲ ಹೊರಡಬೇಕು. ವರ್ಷಗಟ್ಟಲೆ ಕಪಾಟಿನಲ್ಲೇ ಕೂತಿರುವ ಪುಸ್ತಕಗಳ ಮೇಲೆ ಹಾಕಿದ ದುಡ್ಡೂ ಇದರಿಂದಲೇ ಹುಟ್ಟಬೇಕು. ನೀವು ಫೋನು ಹಿಡಿದು ನನ್ನ ಮೂಗಿನ ಹತ್ತಿರ ತಂದು ತೋರಿಸುವ ಬೆಲೆ 130. ಅದು ನಾನು ಕೊಳ್ಳುವ ಬೆಲೆಗಿಂತ ಕಡಿಮೆ. ಆ ಬೆಲೆಗೆ ಕೊಡಿ ಎಂದರೆ ಕೈಯಿಂದ 10 ರೂಪಾಯಿ ಹಾಕಿ ಕಳಿಸಿಕೊಡಿ ಎಂದು ಕೇಳಿದ ಹಾಗೆ.

"ಪುಸ್ತಕಕ್ಕೆ ಜಿಎಸ್‌ಟಿ ಇಲ್ವಲ್ಲ, ನಿಮಗೇನು ಕಷ್ಟ?" ಎನ್ನುವವರೂ ಇದ್ದಾರೆ. ಅಚ್ಚಾದ ಪುಸ್ತಕಕ್ಕೆ ತೆರಿಗೆ ಇಲ್ಲ, ನಿಜ. ಆದರೆ ಅದರೊಳಗಿನ ಕಾಗದಕ್ಕೆ ಇದೆ. ಅದು ನೂರಕ್ಕೆ 12 ಇದ್ದದ್ದು 2025ರ ಸೆಪ್ಟೆಂಬರ್‌ನಲ್ಲಿ 18 ಆಯಿತು. ಪುಸ್ತಕಕ್ಕೆ ತೆರಿಗೆ ಇಲ್ಲದ ಕಾರಣಕ್ಕೇ ಕಾಗದಕ್ಕೆ ಕಟ್ಟಿದ ತೆರಿಗೆಯನ್ನು ಪ್ರಕಾಶಕರು ಹಿಂದಕ್ಕೆ ಪಡೆಯುವ ಹಾಗಿಲ್ಲ. ಅದು ಮುಖಬೆಲೆಯೊಳಗೆ ಸೇರಿಕೊಂಡು ನಿಮ್ಮ ಹತ್ತಿರ ಬರುತ್ತದೆ.

ಹಾಗಾದರೆ ಆನ್‌ಲೈನ್‌ನವರಿಗೆ ಹೇಗೆ ಗಿಟ್ಟುತ್ತದೆ? ಕೆಲವು ಕಡೆ ಸಗಟು ವಿತರಕರೇ ಅಲ್ಲಿ ಕೂತು ಚಿಲ್ಲರೆ ಮಾರುತ್ತಾರೆ, ನನಗೆ ಸಿಗದ ಕಮಿಷನ್ ಅವರಿಗೆ ಸಿಗುತ್ತದೆ. ಇಂಗ್ಲಿಷ್‌ನ ಜನಪ್ರಿಯ ಪುಸ್ತಕವಾದರೆ ಎಷ್ಟೋ ಸಲ ಅದು ಕಳ್ಳಮುದ್ರಣ. ತೆರೆದು ನೋಡಿದರೆ ಅಕ್ಷರ ಮಸುಕು, ಹಾಳೆಯ ಹಿಂದಿನದು ಮುಂದೆ ಕಾಣುತ್ತಿರುತ್ತದೆ. ಇವೆಲ್ಲಕ್ಕಿಂತ ದೊಡ್ಡ ಕಾರಣ ಬೇರೆ ಇದೆ. 1995ರಲ್ಲಿ ಅಮೆಜಾನ್ ಶುರುವಾದದ್ದು ಪುಸ್ತಕ ಮಾರುವುದರಿಂದ. 2007ರಲ್ಲಿ ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್ ಶುರುವಾದದ್ದೂ ಪುಸ್ತಕದಿಂದಲೇ. ಪುಸ್ತಕ ಕೊಳೆಯುವುದಿಲ್ಲ, ಒಡೆಯುವುದಿಲ್ಲ, ಅಳತೆ ಸರಿಹೋಗಲಿಲ್ಲ ಎಂದು ವಾಪಸು ಬರುವುದಿಲ್ಲ. ಹಿಂದಿನ ರಕ್ಷಾಪುಟದ ಮೇಲಿರುವ 13 ಅಂಕಿಯ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ನೋಡಿದರೆ ಯಾವ ಪುಸ್ತಕ ಎಂಬ ಗೊಂದಲವೂ ಇಲ್ಲ. ಅವರಿಗೆ ಪುಸ್ತಕ ಎನ್ನುವುದು ಗಿರಾಕಿಯನ್ನು ಒಳಗೆ ಕರೆಯುವ ಬಾಗಿಲು. ಒಳಗೆ ಹೋದವರು ಆಮೇಲೆ ಮೊಬೈಲು ಕೊಂಡರು, ಮಿಕ್ಸಿ ಕೊಂಡರು. ಪುಸ್ತಕದಲ್ಲಿ ಹೋದದ್ದನ್ನು ಮಿಕ್ಸಿಯಲ್ಲಿ ತುಂಬಿಕೊಳ್ಳಬಹುದು. ನನ್ನ ಅಂಗಡಿಯಲ್ಲಿ ಮಿಕ್ಸಿ ಇಲ್ಲ.

ಇಷ್ಟು ಹೇಳಿದ ಮೇಲೂ ಒಬ್ಬರನ್ನು ಮರೆಯಲು ಆಗುತ್ತಿಲ್ಲ.

ಭದ್ರಾವತಿ ಕಡೆಯವರು, ಮಗಳನ್ನು ಕರೆದುಕೊಂಡು ಬಂದಿದ್ದರು. ಆಕೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದಬೇಕಿತ್ತು. ಯಾವ ಪುಸ್ತಕ ತಗೊಳ್ಳೋದು ಎಂದು ಕೇಳಿದರು. ನಾನು ಕೆಲಸ ಬಿಟ್ಟು ಕೂತೆ. ಸಾಮಾನ್ಯ ಜ್ಞಾನಕ್ಕೆ ಇದು ಸಾಕು, ದಪ್ಪದ್ದು ಬೇಡ, ಸಂವಿಧಾನಕ್ಕೆ ಇದು, ಮಾನಸಿಕ ಸಾಮರ್ಥ್ಯಕ್ಕೆ ಪುಸ್ತಕಕ್ಕಿಂತ ಹಳೆಯ ಪ್ರಶ್ನೆಪತ್ರಿಕೆ ಒಳ್ಳೆಯದು ಎಂದು ಒಂದೊಂದನ್ನೂ ಬಿಡಿಸಿ ತೋರಿಸಿದೆ. ಹುಡುಗಿ ಪಟ್ಟಿ ಮಾಡಿಕೊಂಡಳು. ಅಪ್ಪ ಒಂದೊಂದರ ರಕ್ಷಾಪುಟದ ಫೋಟೊ ತೆಗೆದುಕೊಂಡು, "ಮನೇಲಿ ಕೇಳಿ ಬರ್ತೀವಿ ಮೇಡಂ" ಎಂದು ಹೋದರು. ಇದೇನೂ ಹೊಸದಲ್ಲ, ಪುಸ್ತಕದಂಗಡಿಯವರಿಗೆಲ್ಲ ಗೊತ್ತಿರುವ ಕಥೆ. ಹೊಸದಾದದ್ದು ಆಮೇಲಿನದು. ಕೆಲವು ವಾರ ಬಿಟ್ಟು ಇಬ್ಬರೂ ಮತ್ತೆ ಬಂದರು. ಅಪ್ಪನ ಕೈಯಲ್ಲಿ ನಾನು ಹೇಳಿದ ಪುಸ್ತಕ, ಹಳೆಯ ಮುದ್ರಣ.

"ಮೇಡಂ, ಇದು ಹಳೇದು ಬಂದ್ಬಿಟ್ಟಿದೆ. ನಿಮ್ಮಲ್ಲಿ ಹೊಸದಿದೆಯಲ್ಲ, ಇದನ್ನ ಇಟ್ಕೊಂಡು ಅದನ್ನ ಕೊಡಿ."

"ಇದು ನನ್ನ ಅಂಗಡೀಲಿ ತಗೊಂಡಿದ್ದಲ್ಲ."

"ವಾಪಸ್ ಕಳಿಸೋ ಟೈಮ್ ಮುಗಿದೋಗಿದೆ ಅಂತಾರೆ ಅವ್ರು. ಪುಸ್ತಕ ಅದೇ ಅಲ್ವಾ?"

"ನನ್ನ ಹತ್ರ ತಗೊಂಡಿದ್ರೆ ಬದಲಾಯಿಸಿ ಕೊಡ್ತಿದ್ದೆ."

"ಇದನ್ನೇ ತಗೊಳ್ಳಿ ಅಂತ ಹೇಳಿದ್ದು ನೀವೇ ಅಲ್ವಾ ಮೇಡಂ?"

ಹುಡುಗಿ ಅಪ್ಪನ ಅಂಗಿ ಹಿಡಿದು ಎಳೆಯುತ್ತಿದ್ದಳು, ಬನ್ನಿ ಅಪ್ಪಾ ಎಂದು. ನಾನು ದನಿ ಏರಿಸಿಯೇ ಆಡಿದೆ, ಅಂಗಡಿಯಲ್ಲಿದ್ದ ಬೇರೆಯವರು ತಿರುಗಿ ನೋಡಿದರು. ಬದಲಾಯಿಸಿ ಕೊಡಲಿಲ್ಲ. ಅವರು ಹೋದ ಮೇಲೂ ಆ ಕೊನೆಯ ಮಾತು ಮಾತ್ರ ತಲೆಯಿಂದ ಹೋಗಲಿಲ್ಲ, ಏಕೆಂದರೆ ಅದರಲ್ಲಿ ಸತ್ಯ ಇತ್ತು. ಪುಸ್ತಕವನ್ನು ನಂಬಿ ಅವರು ದುಡ್ಡು ಕೊಟ್ಟಿರಲಿಲ್ಲ, ನನ್ನ ಮಾತನ್ನು ನಂಬಿ ಕೊಟ್ಟಿದ್ದರು. ಕೊಟ್ಟದ್ದು ಮಾತ್ರ ಬೇರೆಯವರಿಗೆ. ನನ್ನ ಅಂಗಡಿಯಲ್ಲಿ ಮಾರಾಟಕ್ಕಿರುವುದು ಕಾಗದ ಮಾತ್ರ, ಉಳಿದದ್ದೆಲ್ಲ ಬಿಟ್ಟಿ ಎಂದು ಇಡೀ ಊರು ತಿಳಿದಿದೆ.

ಇನ್ನೊಂದು ಜಾತಿಯ ಜನ ಇದ್ದಾರೆ, ಮರುಕ ಪಡುವವರು. "ಪಾಪ, ಪುಸ್ತಕದಂಗಡಿಗಳೆಲ್ಲ ಮುಚ್ತಾ ಇವೆಯಂತೆ" ಎಂದು ನನ್ನ ಕಣ್ಣೆದುರಿಗೇ ಹೇಳುತ್ತಾರೆ, ಹೇಳಿ ಏನೂ ಕೊಳ್ಳದೆ ಹೋಗುತ್ತಾರೆ. ಬೆಂಗಳೂರಿನ ಪ್ರೀಮಿಯರ್ ಮುಚ್ಚಿತು, ಸ್ಟ್ರ್ಯಾಂಡ್ ಮುಚ್ಚಿತು ಎಂದು ಪಟ್ಟಿ ಓದುತ್ತಾರೆ. ಪ್ರೀಮಿಯರ್ ಮುಚ್ಚಿದ್ದು 2009ರಲ್ಲಿ, ಆಗ ಆನ್‌ಲೈನ್ ವ್ಯಾಪಾರ ನಮ್ಮಲ್ಲಿ ಈಗಿನಷ್ಟು ಹಬ್ಬಿರಲೇ ಇಲ್ಲ. ಸ್ಟ್ರ್ಯಾಂಡ್ ಮುಚ್ಚಿದ್ದು 2018ರಲ್ಲಿ. ಅದೇ ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಬ್ಲಾಸಮ್, ಬುಕ್‌ವರ್ಮ್ ಇವತ್ತಿಗೂ ತುಂಬಿರುತ್ತವೆ. ಎಲ್ಲವನ್ನೂ ಒಂದೇ ಕಾರಣಕ್ಕೆ ಕಟ್ಟಿ ಶೋಕ ಆಚರಿಸುವುದು ನನಗೆ ಹಿಡಿಸುವುದಿಲ್ಲ. ಅಂಗಡಿ ತೆರೆದಿರುವಾಗಲೇ ತಿಥಿ ಮಾಡಬೇಡಿ.

ಒಬ್ಬ ನಿವೃತ್ತ ಮೇಷ್ಟ್ರು ಬೇರೆ ಥರ ಚುಚ್ಚಿದರು. "ಗಳಗನಾಥರು ಪುಸ್ತಕ ಹೊತ್ತು ಊರೂರು ತಿರುಗಿ ಮಾರಿದರಮ್ಮ. ನೀನು ಫ್ಯಾನಿನ ಕೆಳಗೆ ಕೂತು ಮಾರೋದಕ್ಕೆ ಇಷ್ಟು ಗೋಳಾಡ್ತೀಯಲ್ಲ." ಮೇಷ್ಟ್ರೇ, ಗಳಗನಾಥರ ಮೇಲೆ ನನಗೂ ಅಷ್ಟೇ ಭಕ್ತಿ. ಆದರೆ ಅವರು ಹೋದ ಊರಿನಲ್ಲಿ ಅವರದೇ ಪುಸ್ತಕವನ್ನು ಅವರ ಖರೀದಿ ಬೆಲೆಗಿಂತ ಕಡಿಮೆಗೆ ಮಾರುವವರು ಎದುರು ಸಾಲಿನಲ್ಲಿ ಕೂತಿರಲಿಲ್ಲ.

ನನಗೆ ಮರುಕ ಬೇಡ. ಒಂದು ಪುಸ್ತಕಕ್ಕೆ ಎಲ್ಲ ಕಡೆಯೂ ಒಂದೇ ಬೆಲೆ ಇರಲಿ, ಅಷ್ಟು ಸಾಕು. ಇದು ಕನಸಿನ ಮಾತಲ್ಲ. ಫ್ರಾನ್ಸ್‌ನಲ್ಲಿ 1981ರಿಂದ ಕಾನೂನೇ ಇದೆ: ಪ್ರಕಾಶಕರು ಗೊತ್ತು ಮಾಡಿದ ಬೆಲೆಯ ಮೇಲೆ ಹೊಸ ಪುಸ್ತಕಕ್ಕೆ ನೂರಕ್ಕೆ 5ಕ್ಕಿಂತ ಹೆಚ್ಚು ಬಿಡುವಂತಿಲ್ಲ. ಆನ್‌ಲೈನ್‌ನವರು ಸಾಗಣೆ ಪುಕ್ಕಟೆ ಎಂದು ಹಿಂಬಾಗಿಲಿನಿಂದ ಬಂದಾಗ ಅದನ್ನೂ ತಡೆದರು. 2023ರ ಅಕ್ಟೋಬರ್‌ನಿಂದ ಅಲ್ಲಿ 35 ಯೂರೋಗಿಂತ ಕಡಿಮೆಯ ಪುಸ್ತಕದ ಆರ್ಡರಿಗೆ ಕನಿಷ್ಠ 3 ಯೂರೋ ಸಾಗಣೆ ವೆಚ್ಚ ಹಾಕಲೇಬೇಕು. ಜರ್ಮನಿಯಲ್ಲೂ ಪುಸ್ತಕಕ್ಕೆ ಸ್ಥಿರ ಬೆಲೆ. ಬ್ರಿಟನ್‌ನಲ್ಲಿ 1900ರಿಂದ ಇದ್ದ ಇಂಥದ್ದೇ ಒಪ್ಪಂದ 1990ರ ದಶಕದಲ್ಲಿ ಬಿದ್ದುಹೋಯಿತು. ಆಮೇಲೆ ಅಲ್ಲಿ ಸೂಪರ್‌ಮಾರ್ಕೆಟ್ಟುಗಳೂ ಜನಪ್ರಿಯ ಪುಸ್ತಕಗಳನ್ನು ಕಡಿಮೆ ಬೆಲೆಗೆ ಮಾರತೊಡಗಿದವು, ಸಣ್ಣ ಅಂಗಡಿಗಳು ಸೊರಗಿದವು. ನಮ್ಮಲ್ಲಿ ಎಂಆರ್‌ಪಿ ಇದೆ, ಅದು ಇದಕ್ಕಿಂತ ಹೆಚ್ಚಿಗೆ ಮಾರಬೇಡ ಎನ್ನುತ್ತದೆ ಅಷ್ಟೇ. ಎಷ್ಟಕ್ಕಿಂತ ಕಡಿಮೆಗೆ ಮಾರಬಾರದು ಎಂದು ಯಾರೂ ಹೇಳಿಲ್ಲ.

ಬಡ ವಿದ್ಯಾರ್ಥಿಯ ಗತಿ ಏನು ಎಂದು ತಕ್ಷಣ ಕೇಳುತ್ತೀರಿ. ಒಳ್ಳೆಯ ಪ್ರಶ್ನೆ, ಅದನ್ನು ಕೇಳಬೇಕಾದ ಜಾಗ ಬೇರೆ. ಕರ್ನಾಟಕದಲ್ಲಿ 1965ರಿಂದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇದೆ. ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6 ಗ್ರಂಥಾಲಯ ಕರ ಸೇರಿರುತ್ತದೆ. ದುಡ್ಡಿಲ್ಲದ ಹುಡುಗನ ಕೈಗೆ ಪುಸ್ತಕ ಸಿಗಬೇಕಾದದ್ದು ಆ ದುಡ್ಡಿನಿಂದ, ಅವನ ಊರಿನ ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯಿತಿಯ ಗ್ರಂಥಾಲಯದಲ್ಲಿ. ನಮ್ಮ ಗ್ರಂಥಾಲಯಕ್ಕೆ ಈ ವರ್ಷ ಯಾವ ಹೊಸ ಪುಸ್ತಕ ಬಂತು ಎಂದು ಪಂಚಾಯಿತಿಯಲ್ಲಿ ಒಂದು ಸಲ ಕೇಳಿ ನೋಡಿ.

ಇಷ್ಟೆಲ್ಲ ಬೆಲೆಯ ಮಾತೇ ಆಯಿತು. ನನ್ನನ್ನು ಯಾರೂ ಕೇಳದ ಒಂದು ಪ್ರಶ್ನೆ ಇದೆ. ಯಾವ ಪುಸ್ತಕ ತರಿಸಬೇಕು ಎಂದು ಹೇಗೆ ತೀರ್ಮಾನ ಮಾಡುತ್ತೀರಿ? ಇದನ್ನು ಕೇಳಿದರೆ ಕಾಫಿ ತರಿಸಿ ಕೂರಿಸಿಕೊಂಡು ಹೇಳುತ್ತೇನೆ.

ಮಾರಾಟದ ಲೆಕ್ಕ ನೋಡಿ ತರಿಸುವುದಾದರೆ ಗೈಡು, ಪಂಚಾಂಗ, ಪರೀಕ್ಷೆ ಪುಸ್ತಕ ಬಿಟ್ಟು ಬೇರೇನೂ ಇಡಬಾರದು. ಅಂಗಡಿ ನಡೆಯುತ್ತಿರುವುದು ಅವುಗಳಿಂದಲೇ, ಅದಕ್ಕೆ ನನಗೆ ಸಂಕೋಚವಿಲ್ಲ. ಉಳಿದ ಕಪಾಟು ತುಂಬುವುದು ಬರುವವರ ಮುಖ ನೆನಪಿಟ್ಟುಕೊಂಡು. ಕುಪ್ಪಳಿ ನೋಡಿ ಬಂದವರು ಅದೇ ಸಂಜೆ ಕುವೆಂಪು ಅವರನ್ನು ಓದಬೇಕು ಎಂದು ಹುಡುಕಿಕೊಂಡು ಬರುತ್ತಾರೆ, ಮೂರು ದಿನ ಬಿಟ್ಟು ಕೊರಿಯರ್‌ನಲ್ಲಿ ಬಂದರೆ ಆ ಆಸೆ ಆರಿಹೋಗಿರುತ್ತದೆ. ಹೆಗ್ಗೋಡಿನಲ್ಲಿ ನೀನಾಸಂ ಶಿಬಿರ ಮುಗಿಸಿದ ಹುಡುಗರು ಅಲ್ಲಿ ಕೇಳಿದ ಹೆಸರುಗಳನ್ನು ಬರೆದುಕೊಂಡು ಬರುತ್ತಾರೆ. ಅಡಿಕೆಗೆ ಎಲೆಚುಕ್ಕೆ ರೋಗ ಬಿದ್ದ ಮೇಲೆ ಅದರ ಬಗ್ಗೆ ಕನ್ನಡದಲ್ಲಿ ಏನಾದರೂ ಇದೆಯಾ ಎಂದು ಕೇಳಿದ ರೈತರು ಎಷ್ಟೋ ಜನ.

ಯಕ್ಷಗಾನದ ಪ್ರಸಂಗ ಪುಸ್ತಕಗಳದ್ದಂತೂ, ಅಂದರೆ ಆಟದ ಪದ್ಯಗಳಿರುವ ಪುಸ್ತಕಗಳದ್ದು, ಬೇರೆಯೇ ಲೋಕ. ತೆಳ್ಳಗಿನ ಪುಸ್ತಕ, ಎಷ್ಟೋ ಸಲ ಐಎಸ್‌ಬಿಎನ್ ಇರುವುದಿಲ್ಲ. ನಮ್ಮ ಸಣ್ಣ ಊರುಗಳ ಲೇಖಕರು ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸುವ ಕವನ ಸಂಕಲನ, ಗ್ರಾಮದ ಚರಿತ್ರೆಗಳಿಗೂ ಅನೇಕ ಸಲ ಇರುವುದಿಲ್ಲ. ಆ ಸಂಖ್ಯೆಯನ್ನು ಸರ್ಕಾರ ಪುಕ್ಕಟೆ ಕೊಡುತ್ತದೆ, ಅರ್ಜಿ ಹಾಕುವುದು ಹೇಗೆಂದು ಹೇಳಿಕೊಡುವವರಿಲ್ಲ ಅಷ್ಟೇ. ಸಂಖ್ಯೆ ಇಲ್ಲದ ಪುಸ್ತಕ ಹುಡುಕಾಟದಲ್ಲಿ ಬರುವುದೇ ಕಷ್ಟ. ಅಂಥವು ನನ್ನ ಹತ್ತಿರ ಒಂದು ಇಡೀ ಸಾಲು ಇವೆ. ಹೊಸನಗರದ ಆಚೆಯ ಭಾಗವತರೊಬ್ಬರು ಫೋನ್ ಮಾಡುತ್ತಾರೆ: "ತಂಗೀ, ಆ ಪ್ರಸಂಗ ಇದ್ರೆ ಮಧ್ಯಾಹ್ನದ ಬಸ್ಸಿಗೆ ಹಾಕು, ಕಂಡಕ್ಟರ್‌ಗೆ ನಾನು ಹೇಳಿರ್ತೀನಿ." ಸುತ್ತಿ, ಹೆಸರು ಬರೆದು, ಬಸ್‌ಸ್ಟ್ಯಾಂಡಿಗೆ ಹೋಗಿ ಕೊಟ್ಟು ಬಂದರೆ ಸಂಜೆಗೆ ಅವರ ಕೈಯಲ್ಲಿ. ದುಡ್ಡು ಅವರು ಅಡಿಕೆ ಮಾರಿದ ಮೇಲೆ. ಮೊದಲು ರಿಜಿಸ್ಟರ್ಡ್ ಬುಕ್ ಪೋಸ್ಟ್ ಇತ್ತು, ಕಡಿಮೆ ಖರ್ಚಿನಲ್ಲಿ ಎಂಥ ಹಳ್ಳಿಗೂ ಪುಸ್ತಕ ಹೋಗುತ್ತಿತ್ತು. 2024ರ ಡಿಸೆಂಬರ್‌ನಲ್ಲಿ ಅಂಚೆ ಇಲಾಖೆ ಅದನ್ನು ನಿಲ್ಲಿಸಿದ್ದು ನನಗೆ ಯಾವ ಆ್ಯಪ್‌ಗಿಂತ ದೊಡ್ಡ ಪೆಟ್ಟು.

ತರಿಸಿದ ಮೇಲೆ ಕಾಪಾಡುವುದು ಇನ್ನೊಂದು ಕೆಲಸ. ಜೂನ್ ಹಿಡಿಯುವುದರೊಳಗೆ ನೆಲದ ಹತ್ತಿರದ ಸಾಲು ಖಾಲಿ ಮಾಡಬೇಕು, ಗೋಡೆಗೆ ತಾಗಿದ ಕಪಾಟನ್ನು ಒಂದು ಗೇಣು ಮುಂದಕ್ಕೆ ಎಳೆಯಬೇಕು. ಬೂಷ್ಟು ಮೊದಲು ಹಿಡಿಯುವುದು ಬಟ್ಟೆ ಬೈಂಡಿನ ಪುಸ್ತಕಕ್ಕೆ, ಬೆನ್ನಿನ ಮೇಲೆ ಬೂದು ಚುಕ್ಕೆ ಕಾಣಿಸುತ್ತದೆ. ಒಣಬಟ್ಟೆಯಲ್ಲಿ ಮೇಲಿಂದ ಕೆಳಕ್ಕೆ ಒಂದೇ ಕಡೆಗೆ ಒರೆಸಬೇಕು. ಒದ್ದೆ ತಾಗಿದರೆ ಬಣ್ಣ ಬಿಟ್ಟು ಪಕ್ಕದ ಪುಸ್ತಕವನ್ನೂ ಕೆಡಿಸುತ್ತದೆ. ನುಣುಪು ಕಾಗದದ ಮಕ್ಕಳ ಪುಸ್ತಕಗಳ ಹಾಳೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಳೆ ಬಿಟ್ಟ ಗಳಿಗೆ ನೋಡಿ ಅವನ್ನು ಒಂದೊಂದೇ ಬಿಡಿಸಿ ಗಾಳಿಗೆ ಹಿಡಿಯಬೇಕು. ಕೆಟ್ಟುಹೋದದ್ದನ್ನು ಪ್ರಕಾಶಕರು ವಾಪಸು ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳಿ ಎಂದು ಕೇಳುವ ಮುಖವೂ ನನಗಿಲ್ಲ. ನೀವು ಆಗಸ್ಟ್‌ನಲ್ಲಿ ಬಂದು ಗರಿಗರಿ ಪುಸ್ತಕ ಕೈಗೆತ್ತಿಕೊಂಡು ಬೆಲೆ ಕೇಳುವಾಗ ಅದರ ಹಿಂದೆ ಇಷ್ಟು ನಡೆದಿರುತ್ತದೆ. ಇದು ಆ 40 ರೂಪಾಯಿಯೊಳಗೇ ನಡೆದಿರುತ್ತದೆ.

ಆದ್ದರಿಂದ ಬೆಲೆ ಹೀಗೆ. ಕನ್ನಡ ಪುಸ್ತಕಕ್ಕೆ ಎಲ್ಲರಿಗೂ ನೂರಕ್ಕೆ 10 ಬಿಡುತ್ತೇನೆ, ಶಾಲೆ ಮತ್ತು ಅರಿವು ಕೇಂದ್ರಗಳಿಗೆ 15. ಪ್ರಸಂಗ ಪುಸ್ತಕ ಮತ್ತು ಊರಿನ ಲೇಖಕರು ತಂದಿಟ್ಟ ಪುಸ್ತಕಗಳಿಗೆ ಏನೂ ಬಿಡುವುದಿಲ್ಲ, ಆ ದುಡ್ಡು ಅವರಿಗೆ ಹೋಗಬೇಕು. ನವೆಂಬರ್‌ನಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರ ತನ್ನ ಪ್ರಕಟಣೆಗಳನ್ನು ಹೆಚ್ಚಿನ ರಿಯಾಯಿತಿಗೆ ಮಾರುತ್ತದೆ, ಅವನ್ನು ಅಲ್ಲೇ ಕೊಳ್ಳಿ. ನನ್ನಲ್ಲಿ ಇಲ್ಲದ ಪುಸ್ತಕವನ್ನು ತರಿಸಿಕೊಡುತ್ತೇನೆ, ಒಂದು ವಾರ ಹಿಡಿಯುತ್ತದೆ, ಮುಂಗಡ ಬೇಡ. ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯವರು ಬೆಳಿಗ್ಗೆ 11ರೊಳಗೆ ಫೋನ್ ಮಾಡಿದರೆ ಅವತ್ತಿನ ಬಸ್ಸಿಗೆ ಹಾಕುತ್ತೇನೆ. ಕಂಡಕ್ಟರಿಗೆ ಹೇಳಿಡುವುದು ಮಾತ್ರ ನಿಮ್ಮ ಕೆಲಸ.