'ತಾ' ಅಂದರೆ ಬರೀ ಹೊಡೆಯುವುದಲ್ಲ

ಗುವಾಂಗ್‌ಝೌ
15 ಜೂನ್ 2025, ಭಾನುವಾರ

ಇವತ್ತು ಚೀನೀ ಪಾಠ ಇರಲಿಲ್ಲ. ಬಿಡುವಿತ್ತು ಅಂತ 'ತಾ' ಅನ್ನುವ ಒಂದೇ ಕ್ರಿಯಾಪದ ಹಿಡಿದು ನಿಘಂಟು ತಿರುವುತ್ತಾ ಕೂತೆ. ರೋಮನ್ ಲಿಪಿಯಲ್ಲಿ 'ಡಿ' ಹಾಕಿ ಬರೆಯುತ್ತಾರೆ, ಕಿವಿಗೆ ಬೀಳುವುದು ಮಾತ್ರ ನಮ್ಮ 'ತಾ'. ಚೀನೀ ಅಕ್ಷರದಲ್ಲಿ ಎಡಕ್ಕೆ ಕೈ, ಬಲಕ್ಕೆ ಮೊಳೆಯಂಥ ಗುರುತು. ಮೂಲ ಅರ್ಥ ಹೊಡೆ, ಬಡಿ.

ಆದರೆ ಫೋನ್ ಮಾಡುವುದೂ 'ತಾ', ಕೊಡೆ ಹಿಡಿಯುವುದೂ 'ತಾ'. ಟ್ಯಾಕ್ಸಿ ಹಿಡಿಯುವುದು, ಸ್ವೆಟರ್ ಹೆಣೆಯುವುದು, ಸೀನುವುದು, ಹೋಟೆಲಿನಲ್ಲಿ ಉಳಿದ ಊಟ ಕಟ್ಟಿಸಿಕೊಳ್ಳುವುದು, ಎಲ್ಲಕ್ಕೂ ಅದೇ. ಇದೇನು ಹೊಸದಲ್ಲ. ಚೀನಾದ ಸಾಂಗ್ ರಾಜವಂಶದ ಕಾಲದ ವಿದ್ವಾಂಸ ಓಯಾಂಗ್ ಶ್ಯೂ (1007–1072) ಆಗಲೇ ಬೇಸರಪಟ್ಟು ಬರೆದಿದ್ದಾರೆ. ದೋಣಿ ಕಟ್ಟಿದರೂ ತಾ, ಮೀನು ಹಿಡಿದರೂ ತಾ, ನೀರು ಸೇದಿದರೂ ತಾ, ಜನ ಪದವನ್ನು ಕೆಡಿಸಿದ್ದಾರೆ ಅಂತ. ನನಗೇನೋ ಜನರೇ ಸರಿ ಅನ್ನಿಸುತ್ತದೆ.

ಕನ್ನಡದವರಿಗೆ ಇದು ಅಷ್ಟು ಕಷ್ಟ ಆಗಬಾರದು, ಅಲ್ವಾ? ನಾವು ಗೊರಕೆ ಹೊಡೆಯುತ್ತೇವೆ, ಸೈಕಲ್ಲಿಗೆ ಗಾಳಿ ಹೊಡೆಯುತ್ತೇವೆ. ಇವೆರಡಕ್ಕೂ ಚೀನಿಯಲ್ಲಿ 'ತಾ'ನೇ. ಹಾಗಂತ ಎಲ್ಲ ಕಡೆ 'ಹೊಡೆ' ಹಾಕಿದರೆ ನಡೆಯುವುದಿಲ್ಲ. ನಾವು ಗಾಡಿ ತೊಳೆಯಲು ನೀರು ಹೊಡೆಯುತ್ತೇವೆ, ಅವರು 'ತಾ ಶ್ವೇ' ಅಂದರೆ ನೀರು ತುಂಬಿಸಿಕೊಂಡು ಬರುವುದು. ಅರ್ಥವೆಲ್ಲ ಪಕ್ಕದ ನಾಮಪದದಲ್ಲಿದೆ. ಅದಕ್ಕೇ ಜೋಡಿಯಾಗಿಯೇ ಕಲಿಯಬೇಕು.

ಅಂಗಡಿಗೆ ಹೋಗುವವರು 'ತಾ ಪಾ ಜ' ಗೊತ್ತಿಟ್ಟುಕೊಳ್ಳಿ. 'ಪಾ' ಅಂದರೆ ಎಂಟು, 'ಜ' ಅಂದರೆ ರಿಯಾಯಿತಿ. ಬೋರ್ಡಿನಲ್ಲಿ 8 ಕಂಡರೆ ಶೇ. 80 ರಿಯಾಯಿತಿ ಅಲ್ಲ. ಹತ್ತರಲ್ಲಿ ಎಂಟು ಪಾಲು ನೀವು ಕೊಡಬೇಕು. ನೂರು ಯುವಾನಿನ ಚಪ್ಪಲಿಗೆ ಎಂಬತ್ತು. ಅಂಕಿ ಚಿಕ್ಕದಾದಷ್ಟೂ ಲಾಭ ಜಾಸ್ತಿ.

ನನಗೆ ತುಂಬಾ ಇಷ್ಟವಾದದ್ದು 'ತಾ ಚ್ಯಾಂಗ್‌ಯೋ'. ಸೋಯಾ ಸಾಸನ್ನು ಬಿಡಿಯಾಗಿ ಮಾರುತ್ತಿದ್ದ ಕಾಲದಲ್ಲಿ ಮನೆಯಿಂದ ಖಾಲಿ ಬಾಟಲಿ ಒಯ್ದು ಅಂಗಡಿಯಲ್ಲಿ ತುಂಬಿಸಿಕೊಂಡು ಬರುತ್ತಿದ್ದರು. ಅದಕ್ಕೆ ಈ ಮಾತು. 2008ರಲ್ಲಿ ಇದೇ ಗುವಾಂಗ್‌ಝೌ ಬೀದಿಯಲ್ಲಿ ಟಿವಿಯವರು ಸಿನಿಮಾ ತಾರೆಯರ ಹಗರಣವೊಂದರ ಬಗ್ಗೆ ಒಬ್ಬರನ್ನು ಕೇಳಿದರು. ಆತ, ಅದಕ್ಕೂ ನನಗೂ ಏನು ಸಂಬಂಧ, ನಾನು ಸೋಯಾ ಸಾಸ್ ತರಲು ಬಂದವನು ಅಂದುಬಿಟ್ಟ. ಆ ಮಾತು ದೇಶವೆಲ್ಲ ಹರಡಿತು. ಈಗ ಯಾವ ವಿಷಯಕ್ಕೂ ತಲೆ ಹಾಕದೆ ಸುಮ್ನೆ ಹಾಜರಿ ಹಾಕಿ ಹೋಗುವವರಿಗೆಲ್ಲ ಇದೇ ಮಾತು ಬಳಸುತ್ತಾರೆ.