ಎರಡು ಸಾಲಿನ ಕೋಡು, ಮೂರು ವಾರದ ಸಹಿ

ಕೋಡ್ ಮುಗಿದು ಮೂರು ವಾರವಾಯಿತು. ಅದನ್ನು ಹೊರಗೆ ಕೊಡಲು ಬೇಕಿದ್ದ ಕಂಪನಿಯ ಸಹಿ ಇವತ್ತು ಬಂತು.

ಹಿಂದಿನದು ಚುಟುಕಾಗಿ: ನಾನು ಬಳಸುವ ಓಪನ್ ಸೋರ್ಸ್ ಲೈಬ್ರರಿಯೊಂದು (ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಸಿದ್ಧ ಕೋಡು) ಪಠ್ಯ ಚೊಕ್ಕ ಮಾಡುವಾಗ ಕಣ್ಣಿಗೆ ಕಾಣದ ಅಕ್ಷರಗಳನ್ನೆಲ್ಲ ಕಸ ಅಂತ ಗುಡಿಸಿ ಹಾಕುತ್ತಿತ್ತು. ಜೆಡ್‌ಡಬ್ಲ್ಯೂಜೆ (ಅಕ್ಷರಗಳು ಹೇಗೆ ಜೋಡಿಯಾಗಬೇಕು ಅಂತ ಹೇಳುವ ಕಾಣದ ಗುರುತು) ಕೂಡ ಅದರೊಳಗೆ ಹೋಗುತ್ತಿತ್ತು. ‘ರ‍್ಯಾಂಕ್’ ಕೊಟ್ಟರೆ ‘ರ್ಯಾಂಕ್’ ಆಗಿ ಬರುತ್ತಿತ್ತು, ರ ಹೋಗಿ ಅರ್ಕಾವತ್ತು. ತಿದ್ದಿದ್ದು ಎರಡೇ ಸಾಲು, ಟೆಸ್ಟ್ ಆರು ಸಾಲು.

ಇದನ್ನು ಸೇರಿಸಿಕೊಳ್ಳಿ ಅಂತ ಪುಲ್ ರಿಕ್ವೆಸ್ಟ್ ಕಳಿಸಿದ ಕೂಡಲೇ ಅವರ ತಪಾಸಣೆಯ ಬಾಟ್ ಅಡ್ಡ ಬಂತು: ಮೊದಲು ಸಿಎಲ್‌ಎಗೆ ಸಹಿ ಹಾಕಿ. ಕೋಡ್ ಕೊಡುವವರು ಮಾಡಿಕೊಡುವ ಒಪ್ಪಂದ ಅದು, ಅಪಾಚೆ ಎಂಬ ಓಪನ್ ಸೋರ್ಸ್ ಸಂಸ್ಥೆಯ ಮಾದರಿಯದು. ಕೋಡು ನಮ್ಮದಾಗಿಯೇ ಉಳಿಯುತ್ತದೆ, ಬಳಸುವ ಹಕ್ಕು ಕೊಟ್ಟರೆ ಸಾಕು. ಸುಮ್ನೆ ಒತ್ತಿಬಿಡೋಣ ಅಂತಿದ್ದೆ. ನಾಲ್ಕನೇ ಅಂಶ ಕೈ ತಡೆಯಿತು. ನಾನು ಬರೆದದ್ದರ ಮೇಲೆ ಕಂಪನಿಗೆ ಹಕ್ಕಿದ್ದರೆ, ಅವರ ಒಪ್ಪಿಗೆ ಸಿಕ್ಕಿದೆ, ಇಲ್ಲವೇ ಅವರು ಹಕ್ಕು ಬಿಟ್ಟಿದ್ದಾರೆ, ಅದೂ ಇಲ್ಲದಿದ್ದರೆ ಕಂಪನಿಯೇ ಬೇರೆ ಸಿಎಲ್‌ಎ ಮಾಡಿಕೊಂಡಿದೆ ಅಂತ ನಾನು ಮಾತು ಕೊಟ್ಟ ಹಾಗೆ.

ರಾತ್ರಿ ಮನೆಯಲ್ಲಿ, ನನ್ನದೇ ಲ್ಯಾಪ್‌ಟಾಪಿನಲ್ಲಿ ಬರೆದದ್ದು. ನನ್ನದೇ ಅಲ್ವಾ? ಅಷ್ಟು ಸಲೀಸಲ್ಲ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಮಾತು ಆಗಿರದಿದ್ದರೆ, ನೌಕರಿಯ ಕೆಲಸವಾಗಿ ಬರೆದದ್ದಕ್ಕೆ ಮೊದಲ ಒಡೆಯ ಕಂಪನಿ. ಇದೇ ಲೈಬ್ರರಿಯನ್ನು ನಾವು ಆಫೀಸಿನಲ್ಲೂ ಬಳಸುತ್ತೇವೆ! ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿನಲ್ಲಿ ನಿಂತುಕೊಂಡೇ ಆಫರ್ ಲೆಟರ್ ಓದಿದೆ, ಪೂರ್ತಿ ಓದಿದ್ದು ಇದೇ ಮೊದಲು. ‘ನೌಕರಿಯಲ್ಲಿರುವಾಗ ಬರೆದ ಎಲ್ಲ ಸಾಫ್ಟ್‌ವೇರ್’ ಅಂತಿತ್ತು. ರಾತ್ರಿ, ಹಗಲು ಅನ್ನೋ ಭೇದವೇ ಇಲ್ಲ.

ಒಪ್ಪಿಗೆ ಕೇಳಿದರೆ ಎಚ್‌ಆರ್ ಮೇಡಂ ನಕ್ಕರು. “ಎರಡು ಸಾಲಿಗೆ ಇಷ್ಟ್ಯಾಕ್ರೀ ತಲಿ ಕೆಡಿಸ್ಕೊಂಡೀರಿ?” ಮ್ಯಾನೇಜರ್ ಚಿಂತೆ ಬೇರೆ: “ನಮ್ಮ ಕೋಡ್ ಏನೂ ಹೊರಗ ಹೋಗಂಗಿಲ್ಲಲ್ರೀ?” ಬದಲಾವಣೆ ತೋರಿಸುವ ಡಿಫ್ ಪ್ರಿಂಟ್ ತೆಗೆದು ಮುಂದಿಟ್ಟೆ. ಟೆಸ್ಟ್ ಬಿಟ್ಟರೆ, ಸೇರಿಸಿದ ಎರಡು ಸಾಲು ಹಸಿರು, ತೆಗೆದ ಒಂದು ಕೆಂಪು. ಸ್ವಲ್ಪ ಹೊತ್ತು ನೋಡಿ, “ಇಷ್ಟs?” ಅಂದರು.

ಆಮೇಲೆ ಕಾಗದ ಬೆಂಗಳೂರಿನ ವಕೀಲರ ಹತ್ತಿರ ಹೋಗಿ ಕೂತಿತು. ಕಂಪನಿ ಸಿಎಲ್‌ಎ ಬೇಡ ಅಂದರು ವಕೀಲರು, ಅದರಲ್ಲಿ ಪೇಟೆಂಟ್ ಹಕ್ಕಿನ ಮಾತೂ ಇದೆ. ಕೊನೆಗೆ ಈ ಲೈಬ್ರರಿಗೆ ಮಾತ್ರ ಅಂತ ಒಂದು ಪುಟದ ಒಪ್ಪಿಗೆ ಪತ್ರ ಕೊಟ್ಟರು. ನನಗೆ ಅಷ್ಟೇ ಸಾಕಿತ್ತು.

ಸಹಿ ಹಾಕಿದೆ. ಬಾಟ್ ಆಗಲೂ ಕೆಂಪು! ಸಹಿ ಮನೆಯ ಇಮೇಲಿನದು, ಕಮಿಟ್ (ಕೋಡ್ ಬದಲಾವಣೆಯ ದಾಖಲೆ) ಆಫೀಸಿನದು. ಲೇಖಕರ ಇಮೇಲ್ ಬದಲಿಸಿ, ಹಳೆಯದರ ಜಾಗಕ್ಕೇ ಮತ್ತೆ ಕಳಿಸಿದ (ಫೋರ್ಸ್ ಪುಶ್) ಮೇಲೆ ಹಸಿರಾಯಿತು.

ಹತ್ತು ನಿಮಿಷಕ್ಕೆ ಲೈಬ್ರರಿಯವರ ರಿವ್ಯೂ ಬಂತು: ಜೆಡ್‌ಡಬ್ಲ್ಯೂಎನ್‌ಜೆ (ಅಕ್ಷರಗಳು ಒತ್ತಾಗಿ ಸೇರದಂತೆ ತಡೆಯುವ ಕಾಣದ ಗುರುತು) ಕೂಡ ಉಳಿಯಬೇಕಲ್ಲವೇ? ಹೌದು, ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗುತ್ತಿದೆ. ಭಾನುವಾರ ಕೂರಬೇಕು.