ಮಾರಾಟವಾಗದ ಹಾಡುಗಳ ಬೆನ್ನು ಹತ್ತಿ

ಅಮೆರಿಕದ ಕಪ್ಪು ಜನರ ನಡುವೆ ಬೆಳೆದ, ಅರವತ್ತರ ದಶಕದ ಸೋಲ್ ಸಂಗೀತವೆಂದರೆ ಬಹುತೇಕರಿಗೆ ಮೊದಲು ನೆನಪಾಗುವುದು ಮೊಟೌನ್ ಕಂಪನಿ, ಸುಪ್ರೀಮ್ಸ್, ಸ್ಟೀವಿ ವಂಡರ್, ಅರೀಥಾ ಫ್ರಾಂಕ್ಲಿನ್. ಅವರ ಹಾಡುಗಳ ಮೇಲೆ ನನಗೂ ಅಪಾರ ಪ್ರೀತಿಯಿದೆ. ಆದರೆ ಉತ್ತರ ಇಂಗ್ಲೆಂಡಿಗೆ ಬಂದು ನೆಲೆಸಿದ ಮೇಲೆ ನಾನು ಸಂಗ್ರಹಿಸತೊಡಗಿದ್ದು ಬೇರೆಯದೇ ಬಗೆಯ ರೆಕಾರ್ಡುಗಳನ್ನು. ಡೆಟ್ರಾಯಿಟ್, ಷಿಕಾಗೊ, ಲಾಸ್ ಏಂಜಲಿಸ್, ವಾಷಿಂಗ್ಟನ್ ಮುಂತಾದ ಊರುಗಳ ಸಣ್ಣಪುಟ್ಟ ಕಂಪನಿಗಳು 1964ರಿಂದ 1968ರ ಆಸುಪಾಸಿನಲ್ಲಿ ಹೊರತಂದ, ನಿಮಿಷಕ್ಕೆ 45 ಸುತ್ತು ತಿರುಗುವ, ಏಳು ಇಂಚು ಅಗಲದ ಆ ತಟ್ಟೆಗಳನ್ನು ಅವು ಬಂದ ಕಾಲದಲ್ಲಿ ಕೊಂಡವರೇ ಕಡಿಮೆ. ಅವು ಏಕೆ ಸೋತವು, ಸೋತ ಮೇಲೂ ಹೇಗೆ ಉಳಿದವು, ಅವುಗಳನ್ನು ಹಾಡಿದವರು ಯಾರು ಎಂಬುದನ್ನು ತಿಳಿದುಕೊಳ್ಳುವುದೇ ಈ ಹವ್ಯಾಸದ ಜೀವಾಳ ಎಂಬುದು ನನ್ನ ದೃಢವಾದ ನಂಬಿಕೆ.

ಹಾಡು ಚೆನ್ನಾಗಿಲ್ಲದ್ದರಿಂದ ಅದು ಸೋತಿತು ಎಂದುಕೊಳ್ಳುವುದು ಸುಲಭ. ನಿಜಸ್ಥಿತಿ ಹಾಗಿರಲಿಲ್ಲ. ಸಣ್ಣ ಕಂಪನಿಯೊಂದು ಕೆಲವು ನೂರು ಪ್ರತಿಗಳನ್ನು ಒತ್ತಿಸಿ, ಅದರಲ್ಲಿ ಒಂದಷ್ಟನ್ನು 'ಮಾರಾಟಕ್ಕಲ್ಲ' ಎಂದು ಅಚ್ಚು ಹಾಕಿಸಿ ರೇಡಿಯೊ ಕೇಂದ್ರಗಳಿಗೆ ಕಳುಹಿಸುತ್ತಿತ್ತು. ಆ ಕೇಂದ್ರದವರು ಹಾಡನ್ನು ಬಿತ್ತರಿಸದಿದ್ದರೆ ಅಲ್ಲಿಗೆ ಕಥೆ ಮುಗಿಯಿತು. ಬಿತ್ತರಿಸಿದರೂ ಕಷ್ಟ ತಪ್ಪುತ್ತಿರಲಿಲ್ಲ. ಬೇಡಿಕೆಗೆ ತಕ್ಕಷ್ಟು ಪ್ರತಿಗಳನ್ನು ಒತ್ತಿಸಲು ಕಂಪನಿಯ ಬಳಿ ಹಣವಿರುತ್ತಿರಲಿಲ್ಲ; ಒತ್ತಿಸಿ ಕಳುಹಿಸಿದ್ದಕ್ಕೆ ವಿತರಕರಿಂದ ಬಾಕಿ ಬರುವಷ್ಟರಲ್ಲಿ ಬಾಗಿಲು ಮುಚ್ಚುವ ಹೊತ್ತಾಗಿರುತ್ತಿತ್ತು.

ಸಂಗೀತದ ಗುಣಮಟ್ಟದ ಮಾತಿಗೆ ಡೆಟ್ರಾಯಿಟ್ ನಗರವೊಂದೇ ಸಾಕು. ಮೊಟೌನ್ ಕಂಪನಿಯ ಬಹುತೇಕ ಪ್ರಸಿದ್ಧ ಹಾಡುಗಳಿಗೆ ವಾದ್ಯ ನುಡಿಸುತ್ತಿದ್ದ 'ಫಂಕ್ ಬ್ರದರ್ಸ್' ಬಳಗದವರು ರಾತ್ರಿ ಹೊತ್ತಿನಲ್ಲಿ ಯಜಮಾನರ ಕಣ್ಣು ತಪ್ಪಿಸಿ ಅದೇ ಊರಿನ ಬೇರೆ ಸ್ಟುಡಿಯೊಗಳಲ್ಲಿ ಕೈಗೆ ಬಂದ ನಗದಿಗೆ ನುಡಿಸಿ ಬರುತ್ತಿದ್ದರು. ರಿಕ್-ಟಿಕ್ ಎಂಬ ಸಣ್ಣ ಕಂಪನಿ 1965ರಲ್ಲಿ 'ಸ್ಯಾನ್ ರೆಮೊ ಗೋಲ್ಡನ್ ಸ್ಟ್ರಿಂಗ್ಸ್' ಹೆಸರಿನಲ್ಲಿ ಹೊರತಂದ ವಾದ್ಯಸಂಗೀತವನ್ನೋ, ಅದೇ ವರ್ಷ ಅಲ್ಲಿಂದಲೇ ಬಂದ ಎಡ್ವಿನ್ ಸ್ಟಾರ್ ಅವರ ಮೊದಲ ಹಾಡುಗಳನ್ನೋ ಕೇಳಿದರೆ ಮೊಟೌನ್ ರೆಕಾರ್ಡುಗಳ ಅದೇ ತಾಳ, ಅದೇ ಬೇಸ್ ಗಿಟಾರಿನ ಓಟ ಕಿವಿಗೆ ಬೀಳುತ್ತದೆ. ಕೈಗಳು ಅವೇ ಆಗಿದ್ದವು. ಬೆನ್ನಿಗಿದ್ದ ಬಂಡವಾಳ ಬೇರೆಯಾಗಿತ್ತು.

ಈ ಹಾಡುಗಳಿಗೆ ಮರುಹುಟ್ಟು ಸಿಕ್ಕಿದ್ದು ಅಮೆರಿಕದಲ್ಲಿ ಅಲ್ಲ, ಉತ್ತರ ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳಲ್ಲಿ. ಮ್ಯಾಂಚೆಸ್ಟರಿನಲ್ಲಿ 1963ರಲ್ಲಿ ತೆರೆದ 'ಟ್ವಿಸ್ಟೆಡ್ ವೀಲ್' ಕ್ಲಬ್ಬಿಗೆ ಸುತ್ತಮುತ್ತಲಿನ ಊರುಗಳಿಂದ ಕಾರ್ಖಾನೆ ಕೆಲಸಗಾರರು, ಕಚೇರಿಯ ಗುಮಾಸ್ತರು ವಾರದ ದುಡಿಮೆ ಮುಗಿಸಿ ಬಂದು ಬೆಳಗಿನವರೆಗೆ ಕುಣಿಯುತ್ತಿದ್ದರು. 1960ರ ದಶಕದ ಕೊನೆಗೆ ಅಮೆರಿಕದಲ್ಲಿ ಸೋಲ್ ಸಂಗೀತದ ನಡೆ ನಿಧಾನವಾಗಿ ಫಂಕ್ ಎಂಬ ಹೊಸ ಬಗೆಯ ಸಂಗೀತದ ಕಡೆಗೆ ತಿರುಗಿತಾದರೂ ಇಲ್ಲಿಯವರಿಗೆ ಬೇಕಾಗಿದ್ದು ನಾಲ್ಕೈದು ವರ್ಷ ಹಿಂದಿನ ಆ ವೇಗದ, ಗಟ್ಟಿ ತಾಳದ ಹಾಡುಗಳೇ. ಹೊಸದಾಗಿ ಅಂಥವು ಬರುತ್ತಿರಲಿಲ್ಲವಾದ್ದರಿಂದ ಹಳೆಯದರಲ್ಲಿ ಯಾರೂ ಕೇಳದೆ ಬಿಟ್ಟದ್ದನ್ನು ಹುಡುಕುವುದೊಂದೇ ದಾರಿಯಾಯಿತು. ಲಂಡನ್ನಿನಲ್ಲಿ ಸೋಲ್ ರೆಕಾರ್ಡುಗಳ ಅಂಗಡಿ ನಡೆಸುತ್ತಿದ್ದ ಪತ್ರಕರ್ತ ಡೇವ್ ಗಾಡಿನ್ ಉತ್ತರದಿಂದ ಬಂದ ಗಿರಾಕಿಗಳ ಈ ಅಭಿರುಚಿಯನ್ನು ಗಮನಿಸಿ ಅದಕ್ಕೆ ನಾರ್ದರ್ನ್ ಸೋಲ್ ಎಂದು ಹೆಸರಿಟ್ಟರು. ಮುಂದೆ 1973ರ ಸೆಪ್ಟೆಂಬರಿನಿಂದ 1981ರ ಡಿಸೆಂಬರಿನವರೆಗೆ ವಿಗನ್ ಪಟ್ಟಣದ ಕ್ಯಾಸಿನೊ ಸಭಾಂಗಣ ಇದರ ಕೇಂದ್ರವಾಗಿತ್ತು. ಅಲ್ಲಿ ಮದ್ಯವಿರಲಿಲ್ಲ. ಮರದ ನೆಲದ ಮೇಲೆ ಕಾಲು ಸಲೀಸಾಗಿ ಜಾರಲೆಂದು ಟಾಲ್ಕಂ ಪೌಡರ್ ಚೆಲ್ಲಿಕೊಂಡು ಕುಣಿಯುತ್ತಿದ್ದರು. ಬೆಳಿಗ್ಗೆ ಎಂಟು ಗಂಟೆಗೆ ಮುಗಿಯುವ ಮುನ್ನ ಪ್ರತಿ ಬಾರಿಯೂ ಅವೇ ಮೂರು ಹಾಡುಗಳನ್ನು ಹಾಕುವ ಪದ್ಧತಿ ಅಲ್ಲಿ ಬೆಳೆದಿತ್ತು.

ಇಲ್ಲಿಯವರೆಗಿನ ಕಥೆಯನ್ನು ನಾನು ಸಂತೋಷದಿಂದಲೇ ಹೇಳುತ್ತೇನೆ. ಆದರೆ ಇದೇ ಲೋಕದಲ್ಲಿ ಬೇರೂರಿದ ಒಂದು ಪದ್ಧತಿಯನ್ನು ಒಪ್ಪಿಕೊಳ್ಳಲು ನನಗೆ ಇಂದಿಗೂ ಸಾಧ್ಯವಾಗಿಲ್ಲ. ಡಿಜೆಗಳ ನಡುವೆ ಪೈಪೋಟಿ ಬಲವಾಗಿತ್ತು. ಬೇರೆ ಯಾರ ಬಳಿಯೂ ಇಲ್ಲದ ರೆಕಾರ್ಡು ಯಾರ ಬಳಿ ಇದೆಯೋ ಅವರನ್ನು ಕೇಳಲು ಜನ ಬರುತ್ತಿದ್ದರು. ಹೀಗಾಗಿ ಅಪರೂಪದ ರೆಕಾರ್ಡು ಸಿಕ್ಕ ಡಿಜೆ ಅದರ ನಡುವಿನ, ಹೆಸರು ಅಚ್ಚಾದ ಲೇಬಲ್ಲಿನ ಮೇಲೆ ಬಿಳಿ ಕಾಗದ ಅಂಟಿಸಿ, ಹಾಡಿಗೂ ಹಾಡುಗಾರರಿಗೂ ಸುಳ್ಳು ಹೆಸರು ಕಟ್ಟಿ ಹೇಳುತ್ತಿದ್ದ. ಇದಕ್ಕೆ 'ಕವರ್-ಅಪ್' ಎನ್ನುತ್ತಾರೆ. ನಕಲಿ ಒತ್ತಿ ಮಾರುವವರಿಂದ ಹಾಡನ್ನು ಕಾಪಾಡಲು ಹೀಗೆ ಮಾಡಬೇಕಾಯಿತು ಎಂಬ ಸಮರ್ಥನೆಯಲ್ಲಿ ಸ್ವಲ್ಪ ಹುರುಳಿದೆ, ಏಕೆಂದರೆ ಜನಪ್ರಿಯವಾದ ಹಾಡಿನ ಕಳ್ಳ ಪ್ರತಿಗಳು ಬೇಗನೆ ಮಾರುಕಟ್ಟೆಗೆ ಬರುತ್ತಿದ್ದದ್ದು ನಿಜ. ಆದರೂ ಆಗಲೇ ಒಮ್ಮೆ ಕಡೆಗಣಿಸಲ್ಪಟ್ಟ ಹಾಡುಗಾರನ ಹೆಸರನ್ನು, ಕೊನೆಗೂ ಅವನ ಹಾಡಿಗೆ ಸಾವಿರಾರು ಜನ ಕುಣಿಯುವ ಹೊತ್ತಿನಲ್ಲೇ, ಮರೆಮಾಡುವುದು ನನಗೆ ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ದಾಸರ ಪದವೊಂದರಿಂದ ಅಂಕಿತವನ್ನು ಕಿತ್ತು, ಅಲ್ಲಿ ಬಾಯಿಗೆ ಬಂದ ಹೆಸರು ಸೇರಿಸಿ ಹಾಡಿದರೆ ನಮಗೆ ಹೇಗನ್ನಿಸೀತೋ, ಆ ಬಿಳಿ ಕಾಗದವನ್ನು ಕುರಿತು ಓದಿದಾಗಲೆಲ್ಲ ನನಗೆ ಹಾಗನ್ನಿಸುತ್ತದೆ.

ಫ್ರಾಂಕ್ ವಿಲ್ಸನ್ ಅವರ ಕಥೆ ಇದಕ್ಕೆ ಅತ್ಯಂತ ಪ್ರಸಿದ್ಧವಾದ ಉದಾಹರಣೆ. 1965ರಲ್ಲಿ ಅವರು 'ಡು ಐ ಲವ್ ಯೂ' ಎಂಬ ಹಾಡನ್ನು ತಾವೇ ಬರೆದು ಹಾಡಿ, ಮೊಟೌನ್ ಸಂಸ್ಥೆಯ ಅಂಗವಾದ 'ಸೋಲ್' ಲೇಬಲ್ಲಿಗಾಗಿ, ಅಂದರೆ ಆ ಹೆಸರಿನಲ್ಲಿ ರೆಕಾರ್ಡು ಹೊರತರುವ ವಿಭಾಗಕ್ಕಾಗಿ, ಧ್ವನಿಮುದ್ರಿಸಿದರು. ಸುಮಾರು 250 ಪ್ರಚಾರ ಪ್ರತಿಗಳು ಒತ್ತಲ್ಪಟ್ಟವು ಎನ್ನುತ್ತಾರೆ. ಹಾಡುಗಾರನಾಗುತ್ತೀಯೋ ನಿರ್ಮಾಪಕನಾಗುತ್ತೀಯೋ ಎಂಬ ಪ್ರಶ್ನೆ ಕಂಪನಿಯ ಒಡೆಯ ಬೆರಿ ಗಾರ್ಡಿ ಅವರಿಂದ ಬಂದಾಗ ವಿಲ್ಸನ್ ನಿರ್ಮಾಪಕನ ಕೆಲಸವನ್ನು ಆರಿಸಿಕೊಂಡರು, ಪ್ರತಿಗಳನ್ನು ನಾಶಪಡಿಸಲಾಯಿತು. ಮುಂದೆ ಅವರು ಸುಪ್ರೀಮ್ಸ್ ಮತ್ತು ಎಡ್ಡಿ ಕೆಂಡ್ರಿಕ್ಸ್ ಅವರಿಗೆ ದೊಡ್ಡ ಯಶಸ್ಸು ತಂದುಕೊಟ್ಟ ನಿರ್ಮಾಪಕರಾದರು, ಆಮೇಲೆ ಕ್ರೈಸ್ತ ಧರ್ಮಬೋಧಕರಾದರು, 2012ರಲ್ಲಿ ತೀರಿಕೊಂಡರು. ನಾಶವಾಗದೆ ಉಳಿದ ಬೆರಳೆಣಿಕೆಯ ಪ್ರತಿಗಳಲ್ಲಿ ಒಂದು 1970ರ ದಶಕದಲ್ಲಿ ಇಂಗ್ಲೆಂಡಿಗೆ ಬಂದು ಆ ಹಾಡು ವಿಗನ್ನಿನಲ್ಲಿ ಮೊಳಗಿದಾಗ ಜನ ಅದನ್ನು 'ಎಡ್ಡಿ ಫಾಸ್ಟರ್' ಹಾಡಿದ್ದೆಂದೇ ತಿಳಿದಿದ್ದರು. ನಿಜವಾದ ಹೆಸರಿನೊಂದಿಗೆ ಅದು ಬ್ರಿಟನ್ನಿನ ಅಂಗಡಿಗಳಿಗೆ ಬಂದದ್ದು 1979ರಲ್ಲಿ. 2009ರಲ್ಲಿ ಮೂಲ ಪ್ರತಿಯೊಂದು 25,742 ಪೌಂಡಿಗೆ ಹರಾಜಾಯಿತು. 2020ರಲ್ಲಿ ಒಂದು ಪ್ರತಿ ಒಂದು ಲಕ್ಷ ಪೌಂಡಿಗೆ ಕೈಬದಲಾಯಿತೆಂದು ಪತ್ರಿಕೆಗಳು ವರದಿ ಮಾಡಿದವು. ಬೆಲೆಯ ಬಗ್ಗೆ ಬರೆದವರೆಲ್ಲ ಆ ಹಾಡಿನ ಬಗ್ಗೆಯೂ ಒಂದು ಸಾಲು ಬರೆಯಬೇಕಿತ್ತು. ಎರಡೂವರೆ ನಿಮಿಷದಷ್ಟರಲ್ಲಿ ಅದು ಎಲ್ಲೂ ಉಸಿರು ನಿಲ್ಲಿಸುವುದಿಲ್ಲ. ಪ್ರತಿ ಚರಣ ಮುಗಿದಾಗಲೂ ಹಿತ್ತಾಳೆ ವಾದ್ಯಗಳು ವಿಲ್ಸನ್ನರ ದನಿಯನ್ನು ಇನ್ನೂ ಮೇಲಕ್ಕೆ ಎತ್ತುತ್ತವೆ.

ಬೆಲೆಗೂ ಹಾಡಿನ ಸತ್ವಕ್ಕೂ ಇರುವ ಸಂಬಂಧ ಎಷ್ಟು ಸಡಿಲ ಎಂಬುದಕ್ಕೆ ಡ್ಯಾರೆಲ್ ಬ್ಯಾಂಕ್ಸ್ ಅವರ 1966ರ 'ಓಪನ್ ದ ಡೋರ್ ಟು ಯುವರ್ ಹಾರ್ಟ್' ಸಾಕ್ಷಿ. ಅಮೆರಿಕದಲ್ಲಿ ರೆವಿಲೊಟ್ ಎಂಬ ಡೆಟ್ರಾಯಿಟ್ ಲೇಬಲ್ಲಿನಿಂದ ಬಂದ ಅದು ಅಲ್ಲಿ ಚೆನ್ನಾಗಿಯೇ ಮಾರಾಟವಾಯಿತು. ಆ ಪ್ರತಿ ಇಂದಿಗೂ ಸುಲಭ ಬೆಲೆಗೆ ಸಿಗುತ್ತದೆ. ಬ್ರಿಟನ್ನಿನಲ್ಲಿ ಮಾತ್ರ ಹಕ್ಕಿನ ವಿವಾದವೆದ್ದು, ಲಂಡನ್ ಲೇಬಲ್ಲಿನ ಒತ್ತುವಿಕೆಯನ್ನು ಹಿಂತೆಗೆದುಕೊಂಡು ಸ್ಟೇಟ್‌ಸೈಡ್ ಲೇಬಲ್ಲಿನಿಂದ ಅದನ್ನು ಬಿಡುಗಡೆ ಮಾಡಲಾಯಿತು. ಹಿಂತೆಗೆದುಕೊಂಡವುಗಳಲ್ಲಿ ಹೇಗೋ ಉಳಿದ ಒಂದು ಪ್ರತಿ 2014ರಲ್ಲಿ 14 ಸಾವಿರ ಪೌಂಡಿಗೂ ಹೆಚ್ಚು ಬೆಲೆಗೆ ಹೋಯಿತು. ಎರಡರಲ್ಲೂ ಇರುವುದು ಅದೇ ದನಿ, ಅದೇ ಹಾಡು. ಹಾಡಿದ ಬ್ಯಾಂಕ್ಸ್ 1970ರಲ್ಲಿ ಡೆಟ್ರಾಯಿಟ್ಟಿನಲ್ಲಿ, ಕರ್ತವ್ಯದಲ್ಲಿಲ್ಲದ ಪೊಲೀಸನೊಬ್ಬನ ಗುಂಡಿಗೆ ಬಲಿಯಾಗಿದ್ದರು. ನನ್ನ ಬಳಿ ಇರುವುದು ರೆವಿಲೊಟ್ ಪ್ರತಿ, ಮತ್ತು ನನಗೆ ಅದು ಸಾಕು.

ರೆಕಾರ್ಡನ್ನು ಕೈಯಲ್ಲಿ ಹಿಡಿದು ಓದುವುದನ್ನು ಕಲಿತ ದಿನದಿಂದ ಈ ಹವ್ಯಾಸದ ಸ್ವರೂಪವೇ ನನಗೆ ಬದಲಾಯಿತು. ಈಗ ಮೇಜಿನ ಮೇಲಿರುವುದು ಲಾಸ್ ಏಂಜಲಿಸಿನ ಮಿರ್ವುಡ್ ಕಂಪನಿಯ, ಜಾಕಿ ಲೀ ಹಾಡಿದ 1966ರ ಒಂದು ತಟ್ಟೆ. ಎತ್ತಿದರೆ ಹಗುರ, ಉಗುರಿನಿಂದ ತಟ್ಟಿದರೆ ವಿನೈಲಿನ ಮೆತ್ತನೆಯ ಸದ್ದಲ್ಲ, ಗಡುಸಾದ ಟಕ್ ಎಂಬ ಸದ್ದು. ಲೇಬಲ್ ತಟ್ಟೆಯೊಳಗೆ ಒತ್ತಿ ಸೇರಿಲ್ಲ, ಮೇಲೆ ಅಂಟಿಸಿದೆ. ಇದು ವಿನೈಲ್ ಅಲ್ಲ, ಅಚ್ಚಿಗೆ ಕರಗಿಸಿ ಸುರಿದು ಮಾಡಿದ ಸ್ಟೈರೀನ್ ಎಂಬ ಪ್ಲಾಸ್ಟಿಕ್. ಸ್ಟೈರೀನ್ ಬೇಗ ಸವೆಯುವ ವಸ್ತುವಾದ್ದರಿಂದ ಹಳೆಯ ಭಾರದ ಮುಳ್ಳುಗಳಲ್ಲಿ ಹತ್ತಾರು ಸಲ ತಿರುಗಿದ ಪ್ರತಿ ಕಣ್ಣಿಗೆ ಹೊಳೆಯುತ್ತಿದ್ದರೂ ಕಿವಿಗೆ ಬರೀ ಸಿಡುಕು ಕೇಳಿಸುತ್ತದೆ. ಆದ್ದರಿಂದ ಇಂಥದ್ದನ್ನು ಬಾರಿಸಿ ಕೇಳದೆ ಕೊಳ್ಳಬಾರದು. ದೀಪದ ಕೆಳಗೆ ಓರೆಯಾಗಿ ಹಿಡಿದರೆ, ಹಾಡಿನ ಗೆರೆಗಳು ಮುಗಿದು ಲೇಬಲ್ ಶುರುವಾಗುವ ನುಣುಪಾದ ಪಟ್ಟಿಯಲ್ಲಿ ಕಂಪನಿಯ ಸಂಖ್ಯೆಯ ಜೊತೆಗೆ ಪುಟ್ಟದೊಂದು ತ್ರಿಕೋನ, ಅದರ ಮುಂದೆ ಐದಂಕಿಯ ಸಂಖ್ಯೆ ಕಾಣುತ್ತದೆ. ತ್ರಿಕೋನ ಲಾಸ್ ಏಂಜಲಿಸಿನ ಮೊನಾರ್ಕ್ ಕಾರ್ಖಾನೆಯ ಗುರುತು. ಅಲ್ಲಿಗೆ ಬಂದ ಕೆಲಸಗಳಿಗೆಲ್ಲ ಸಾಲಾಗಿ ಸಂಖ್ಯೆ ಕೊಡುತ್ತಿದ್ದರಾದ್ದರಿಂದ ಅದನ್ನು ನೋಡಿ ರೆಕಾರ್ಡು ಒತ್ತಿದ ಕಾಲವನ್ನು ಸುಮಾರಾಗಿ ಹೇಳಬಹುದು. ಮೊಟೌನ್ ಬಳಗದ ರೆಕಾರ್ಡುಗಳಲ್ಲಾದರೆ ಮಿಷಿಗನ್ ರಾಜ್ಯದ ಒವಾಸೊ ಊರಿನ ಕಾರ್ಖಾನೆಯ ಮುದ್ರೆ ಹುಡುಕುತ್ತೇವೆ. ನಕಲಿ ಮಾಡಿದವರು ಲೇಬಲ್ಲಿನ ಬಣ್ಣ, ಅಕ್ಷರಗಳನ್ನೆಲ್ಲ ಎಷ್ಟೇ ಚೆನ್ನಾಗಿ ಅನುಕರಿಸಿದರೂ ಈ ಪಟ್ಟಿಯಲ್ಲಿ ಸಿಕ್ಕಿಬೀಳುತ್ತಾರೆ.

ಲೇಬಲ್ಲಿನ ಮೇಲಿನ ಸಣ್ಣ ಅಕ್ಷರಗಳೂ ಮಾತಾಡುತ್ತವೆ. ಜಾಕಿ ಲೀ ಎಂಬುದು ಅರ್ಲ್ ನೆಲ್ಸನ್ ಅವರ ಇನ್ನೊಂದು ಹೆಸರು. 'ಬಾಬ್ ಅಂಡ್ ಅರ್ಲ್' ಎಂಬ ಹಾಡುಗಾರರ ಜೋಡಿಯ ಅರ್ಲ್ ಇವರೇ. ವಾದ್ಯ ಸಂಯೋಜನೆ ಜೇಮ್ಸ್ ಕಾರ್ಮೈಕಲ್ ಅವರದು, ಮುಂದೆ ಕಾಮಡೋರ್ಸ್ ತಂಡಕ್ಕೂ ಲಯೊನೆಲ್ ರಿಚಿ ಅವರಿಗೂ ನಿರ್ಮಾಪಕರಾಗಿ ಜಗತ್ತಿಗೆ ಪರಿಚಿತರಾದವರು. ಒಲಿಂಪಿಕ್ಸ್ ತಂಡದ ಮಿರ್ವುಡ್ ರೆಕಾರ್ಡುಗಳಲ್ಲಿ ಅದೇ ಹೆಸರು ಮತ್ತೆ ಸಿಕ್ಕಾಗ ಆ ಪಿಯಾನೊ ಪೆಟ್ಟು, ಆ ಚಪ್ಪಾಳೆಯ ಜಾಗ ಏಕೆ ಅಷ್ಟು ಪರಿಚಿತ ಎನ್ನಿಸಿತೆಂಬುದು ಗೊತ್ತಾಗುತ್ತದೆ. ಇಂಥ ಹೆಸರುಗಳನ್ನು ಒಂದರಿಂದ ಒಂದಕ್ಕೆ ಜೋಡಿಸುತ್ತ ಹೋಗುವುದೇ ನನ್ನ ನಿಜವಾದ ಸಂಗ್ರಹ. ಸಂಗ್ರಾಹಕ ಗೆಳೆಯರೊಡನೆ ಗಂಟೆಗಟ್ಟಲೆ ನಡೆಯುವ ಚರ್ಚೆಯೂ ಬಹುಪಾಲು ಇದರ ಸುತ್ತಲೇ: ಹಿನ್ನೆಲೆಯಲ್ಲಿ ಹಾಡಿದ ಹೆಂಗಸರು ಯಾರು, ಎರಡು ಬೇರೆ ಲೇಬಲ್ಲುಗಳಲ್ಲಿ ಕೇಳುವ ವಾದ್ಯದ ಟ್ರ್ಯಾಕ್ ಒಂದೇ ಹೌದೇ, ಅಲ್ಲವೇ.

ವಾಷಿಂಗ್ಟನ್ನಿನ ಶ್ರೈನ್ ಕಂಪನಿಯ ಹೆಸರೆತ್ತದೆ ಅಂಥ ಚರ್ಚೆ ಮುಗಿಯುವುದಿಲ್ಲ. ಬೆರಿ ಗಾರ್ಡಿ ಅವರ ಮಾಜಿ ಪತ್ನಿ ರೇನೊಮಾ ಮತ್ತು ಎಡ್ಡಿ ಸಿಂಗಲ್ಟನ್ ಸೇರಿ ಕಟ್ಟಿದ ಆ ಕಂಪನಿ ಎರಡು ಮೂರು ವರ್ಷದಲ್ಲೇ ಮುಳುಗಿತು. ಮಿಕ್ಕ ದಾಸ್ತಾನು 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ನಂತರದ ಗಲಭೆಯಲ್ಲಿ ಸುಟ್ಟುಹೋಯಿತೆಂಬುದು ಪ್ರತೀತಿ. ಕೈರೋಸ್, ಜೆ. ಡಿ. ಬ್ರಯಂಟ್ ಮುಂತಾದವರ ಶ್ರೈನ್ ರೆಕಾರ್ಡುಗಳ ಮೂಲ ಪ್ರತಿ ನನ್ನಂಥವರ ಕೈಗೆಟುಕುವುದಲ್ಲ, ಮರುಮುದ್ರಣದಲ್ಲೇ ಕೇಳಿ ಆನಂದಪಡುತ್ತೇನೆ.

ಈ ಲೋಕಕ್ಕೂ ನಮ್ಮ ನಾಡಿಗೂ ಒಂದು ನಂಟಿದೆ, ಮತ್ತು ಅದನ್ನು ನಮ್ಮವರು ಅಷ್ಟಾಗಿ ಹೇಳಿಕೊಳ್ಳದಿರುವುದು ನನಗೆ ಅಚ್ಚರಿ. ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯೇ 'ಟ್ರೋಜನ್ಸ್' ತಂಡದಲ್ಲಿ ಹಾಡಿ, 1967ರಲ್ಲಿ ಇಂಗ್ಲೆಂಡಿಗೆ ಬಂದ ಬಿದ್ದು ಅಪ್ಪಯ್ಯ ಅವರ ಹೆಸರು ಹೆಚ್ಚಿನವರಿಗೆ ಗೊತ್ತಿರುವುದು 1974ರ 'ಕುಂಗ್ ಫೂ ಫೈಟಿಂಗ್' ಮತ್ತು ಪಾಕಿಸ್ತಾನದ ಗಾಯಕಿ ನಾಜಿಯಾ ಹಸನ್ ಅವರ ಹಾಡುಗಳಿಂದ. ಅದಕ್ಕೂ ಮೊದಲು, 1972ರಲ್ಲಿ, ಜಿಮ್ಮಿ ಜೇಮ್ಸ್ ಅಂಡ್ ದ ವ್ಯಾಗಬಾಂಡ್ಸ್ ತಂಡಕ್ಕಾಗಿ ಅವರು ನಿರ್ಮಿಸಿದ 'ಎ ಮ್ಯಾನ್ ಲೈಕ್ ಮಿ' ಹಾಡನ್ನು ನಾರ್ದರ್ನ್ ಸೋಲ್ ನರ್ತಕರು ತಮ್ಮದಾಗಿಸಿಕೊಂಡರು. ಅರವತ್ತರ ದಶಕದ ಅಮೆರಿಕದ ಹಾಡುಗಳಿಗಷ್ಟೇ ಕಿವಿಗೊಡುತ್ತೇವೆ ಎನ್ನುತ್ತಿದ್ದ ಹಟಮಾರಿಗಳು ಲಂಡನ್ನಿನಲ್ಲಿ ಕೊಡವರೊಬ್ಬರು ಕಟ್ಟಿದ ಹಾಡಿಗೆ ಕುಣಿದರು.

1982ರಲ್ಲಿ ಶುರುವಾದ ಕೆಂಟ್ ಲೇಬಲ್ ಬಂದ ಮೇಲೆ ಪರಿಸ್ಥಿತಿ ಬಹಳ ಸುಧಾರಿಸಿದೆ. ಅವರು ಹಕ್ಕುದಾರರಿಂದ ಕ್ರಮವಾಗಿ ಅನುಮತಿ ಪಡೆದು, ಮೂಲ ಟೇಪುಗಳನ್ನು ಹುಡುಕಿ, ಹಾಡಿದವರ ಬದುಕಿನ ವಿವರಗಳೊಂದಿಗೆ ಹಾಡುಗಳನ್ನು ಹೊರತರುತ್ತಿದ್ದಾರೆ. ಒಂದೆರಡು ರೆಕಾರ್ಡು ಮಾಡಿ ಬೇರೆ ಉದ್ಯೋಗಕ್ಕೆ ಹೊರಟುಹೋದ ಎಷ್ಟೋ ಹಾಡುಗಾರರನ್ನು ಇಂಗ್ಲೆಂಡಿಗೆ ಕರೆಸಿ ವೇದಿಕೆ ಹತ್ತಿಸಿದ್ದೂ ಇದೇ ಸಂಗ್ರಾಹಕರ ಸಮುದಾಯ. ಹೊಸದಾಗಿ ಶುರುಮಾಡುವವರು ಯಾವುದನ್ನು ಕೊಳ್ಳಬೇಕೆಂದು ಕೇಳಿದರೆ ನಾನು ಮೊದಲು ಕೆಂಟ್‌ನ ಒಂದೆರಡು ಸಂಕಲನಗಳನ್ನೂ, ಅವುಗಳಲ್ಲಿ ಮನಸ್ಸಿಗೆ ಹಿಡಿದ ಹಾಡಿನ ಅಗ್ಗದ ಅಮೆರಿಕನ್ ಮೂಲ ಪ್ರತಿಯೊಂದನ್ನೂ ಹೆಸರಿಸುತ್ತೇನೆ. ಮಿರ್ವುಡ್ಡಿನ ಜಾಕಿ ಲೀ ಅಥವಾ ಒಲಿಂಪಿಕ್ಸ್ ರೆಕಾರ್ಡುಗಳಲ್ಲಿ ಹಲವು ಇನ್ನೂ ದುಬಾರಿಯಾಗಿಲ್ಲ. ತಂದ ಮೇಲೆ ಹಗುರವಾದ ಮುಳ್ಳಿನಲ್ಲಿ ಕೇಳಿ, ಲೇಬಲ್ಲಿನ ಮೇಲಿರುವ ಪ್ರತಿಯೊಂದು ಹೆಸರನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಯಾವುದನ್ನು ಹುಡುಕಬೇಕೆಂಬುದನ್ನು ಆ ಪಟ್ಟಿಯೇ ತೋರಿಸುತ್ತದೆ.